ದುಡಿದವರ ಕೈಗೆ ಬಾರದ ಸಂಬಳ

ಕೇಳುಗರಿಗೆ ನಮಸ್ಕಾರ.

ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಇದು ಗೊತ್ತಿರುತ್ತದೆ. ಮೀಟಿಂಗ್ ಶುರುವಾಗುವ ಮೊದಲು ಒಬ್ಬರು ಈ ನೆಲದ ಮೂಲನಿವಾಸಿಗಳಿಗೆ, ಅವರ ಹಿರಿಯರಿಗೆ ಗೌರವ ಹೇಳುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಆಫೀಸಿನಲ್ಲಿ ಕೂತು ನೆಲದ ಮಾತಷ್ಟೇ ಆಡಿದರೆ ಸಾಲದು. ಅವರ ದುಡಿಮೆಯ ಮಾತೂ ಬರಬೇಕು, ಅಲ್ವಾ?

ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 1897ರಲ್ಲಿ ಒಂದು ಕಾನೂನು ಬಂತು. ಹೆಸರಿಗೆ ಮೂಲನಿವಾಸಿಗಳ ರಕ್ಷಣೆ. ಅವರು ಎಲ್ಲಿರಬೇಕು, ಎಲ್ಲಿ ದುಡಿಯಬೇಕು ಅನ್ನುವುದೆಲ್ಲ ಸರ್ಕಾರದ 'ರಕ್ಷಕ'ನ ಕೈಯಲ್ಲಿ. ಎಷ್ಟೋ ಕಡೆ ಆ ರಕ್ಷಕ ಊರಿನ ಪೊಲೀಸನೇ. ದನ ಮೇಯಿಸಿದವರ, ಮನೆಗೆಲಸ ಮಾಡಿದ ಹೆಣ್ಣುಮಕ್ಕಳ ಸಂಬಳದ ಬಹುಪಾಲು ಅವನ ಬಳಿಗೇ ಹೋಗುತ್ತಿತ್ತು. ತಮ್ಮದೇ ದುಡ್ಡಿನಲ್ಲಿ ಒಂದು ಬಟ್ಟೆ ಕೊಳ್ಳಬೇಕೆಂದರೂ ಅವನನ್ನು ಕೇಳಬೇಕು. ಕೊಟ್ಟರೆ ಕೊಟ್ಟ, ಇಲ್ಲದಿದ್ದರೆ ಇಲ್ಲ.

ಅಲ್ಲಿನ ಮೂಲನಿವಾಸಿ ಹ್ಯಾನ್ಸ್ ಪಿಯರ್ಸನ್ ಅವರು ದನದ ಫಾರಂಗಳಲ್ಲಿ ವರ್ಷಗಟ್ಟಲೆ ದುಡಿದರು. ಮದುವೆಯಾದ ಮೇಲೆ ಮನೆ ಕೊಳ್ಳೋಣವೆಂದು ತಮ್ಮ ಉಳಿತಾಯ ಕೇಳಲು ಹೋದರು. ಸಾವಿರಾರು ಪೌಂಡ್ ಇರಬೇಕು ಅಂತ ಅವರ ಲೆಕ್ಕ. ಸಿಕ್ಕಿದ್ದು 28 ಪೌಂಡ್. ಮುಂದೆ ಅವರ ಹೆಸರಿನಲ್ಲೇ ಸಾವಿರಾರು ಜನ ಸೇರಿ ಸರ್ಕಾರದ ಮೇಲೆ ಕೇಸು ಹಾಕಿದರು. 2019ರಲ್ಲಿ 19 ಕೋಟಿ ಡಾಲರ್ ಕೊಡಲು ಸರ್ಕಾರ ಒಪ್ಪಿತು. ಅಷ್ಟರಲ್ಲಿ ದುಡಿದವರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಇದು ನನಗೆ ಇಂದಿಗೂ ನುಂಗಲಾಗದ ಸಂಗತಿ.

ಉತ್ತರ ಆಸ್ಟ್ರೇಲಿಯಾದ ವೇವ್ ಹಿಲ್ ಎಂಬ ದನದ ಫಾರಂನಲ್ಲಿ ದುಡಿಯುತ್ತಿದ್ದ ಗುರಿಂಜಿ ಎಂಬ ಮೂಲನಿವಾಸಿ ಜನ ಬಗ್ಗಿ ನುಸುಳುವ ತಗಡಿನ ಗೂಡುಗಳಲ್ಲಿದ್ದರು. ದುಡಿಮೆಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಹಿಟ್ಟು, ಸಕ್ಕರೆ, ಟೀ ಪುಡಿ, ಮಾಂಸ. 1966ರ ಮಾರ್ಚಿನಲ್ಲಿ ಬಿಳಿಯರಿಗೆ ಸಮಾನ ಸಂಬಳದ ತೀರ್ಪೇನೋ ಬಂತು. ಆದರೆ ಜಾರಿಗೆ 1968ರ ಡಿಸೆಂಬರ್‌ವರೆಗೆ ಕಾಯಬೇಕಂತೆ! ಅದೇ 1966ರ ಆಗಸ್ಟ್ 23ರಂದು ಅವರ ಮುಖಂಡ ವಿನ್ಸೆಂಟ್ ಲಿಂಗಿಯಾರಿ ಸುಮಾರು 200 ಜನರನ್ನು ಕರೆದುಕೊಂಡು ಎದ್ದು ಹೊರಟೇಬಿಟ್ಟರು. ಸಂಬಳ ಅಷ್ಟೇ ಅಲ್ಲ, ತಮ್ಮ ನೆಲವೂ ಬೇಕೆಂದರು. ನೆಲದ ಒಂದು ಭಾಗ ಕೈಗೆ ಬಂದದ್ದು 1975ರಲ್ಲಿ, ಪ್ರಧಾನಿ ಗಫ್ ವಿಟ್ಲಮ್ ಕಾಲಕ್ಕೆ.

ಅಷ್ಟು ವರ್ಷ ಅವರು ತಡೆದುಕೊಂಡದ್ದು ಹೇಗೆ? ಅವರ ಗಟ್ಟಿತನ ಮೊದಲನೆಯದು. ಜೊತೆಗೆ ಡಾರ್ವಿನ್ ಬಂದರಿನ ಕಾರ್ಮಿಕ ಬ್ರಯನ್ ಮ್ಯಾನಿಂಗ್ ತಮ್ಮ ಬೆಡ್‌ಫರ್ಡ್ ಲಾರಿಯಲ್ಲಿ ದಿನಸಿ ತುಂಬಿಕೊಂಡು ಮತ್ತೆಮತ್ತೆ ಅಲ್ಲಿಗೆ ಹೋದರು. ಯೂನಿಯನ್ನುಗಳು ಹಣ ಕೂಡಿಸಿದವು. ದುಡಿಯುವವರು ದುಡಿಯುವವರ ಬೆನ್ನಿಗೆ ನಿಂತರು.

ನಾವೂ ನಿಲ್ಲಬಹುದು. ನಿಮ್ಮ ಆಫೀಸಿನ ಊಟಕ್ಕೋ, ಪ್ರಿಂಟಿಂಗಿಗೋ ಆರ್ಡರ್ ಕೊಡುವಾಗ ಮೂಲನಿವಾಸಿಗಳ ಕಂಪನಿಯನ್ನೂ ವಿಚಾರಿಸಿ. ಬಿಲ್ಲನ್ನು ಹೊತ್ತಿಗೆ ಸರಿಯಾಗಿ, ಪೂರ್ತಿ ಪಾವತಿ ಮಾಡಿಸಿ.

ನಮಸ್ಕಾರ.