ಪದದೊಳಗಿನ ಚಿತ್ರ

ಶ್ರೋತೃಗಳಿಗೆ ನಮಸ್ಕಾರ. ಇಂಗ್ಲಿಷಿನ ವರ್ಣನಾತ್ಮಕ ಪದಗಳ ಹುಟ್ಟನ್ನು ಕುರಿತು ಮಾತನಾಡಲು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಗೈಡು ತೆರೆದಿಟ್ಟುಕೊಂಡು ಪದ, ಅರ್ಥ, ಪದ, ಅರ್ಥ ಎಂದು ಉರು ಹೊಡೆಯುತ್ತಿರುವ ವಿದ್ಯಾರ್ಥಿಗಳು ಕೇಳುತ್ತಿದ್ದಾರೆಂದು ಭಾವಿಸಿಕೊಂಡು ಮಾತನಾಡುತ್ತೇನೆ. ದಯವಿಟ್ಟು ಆ ಗೈಡನ್ನು ಕೆಲವು ನಿಮಿಷ ಮುಚ್ಚಿಡಿ. ಅರ್ಥವನ್ನು ಉರು ಹೊಡೆಯಬೇಡಿ, ಪದದೊಳಗಿರುವ ಚಿತ್ರವನ್ನು ನೋಡಿ. ನಾನು ಹೇಳಬೇಕಾದದ್ದು ಇಷ್ಟೇ.

ಸಿಟ್ಟಾದವನನ್ನು ಕಂಡು ಪಿತ್ತ ನೆತ್ತಿಗೇರಿದೆ ಎನ್ನುತ್ತೇವಲ್ಲ, ಇಂಗ್ಲಿಷಿನ 'ಕಾಲರಿಕ್' ಎಂಬ ಪದವೂ ಅದನ್ನೇ ಹೇಳುತ್ತದೆ. ಗ್ರೀಕ್ ಭಾಷೆಯಲ್ಲಿ 'ಖೊಲೆ' ಎಂದರೆ ಪಿತ್ತ. ಅದು ಹೆಚ್ಚಾದವನು ಮುಂಗೋಪಿಯಾಗುತ್ತಾನೆಂದು ಅಲ್ಲಿನ ಹಳೆಯ ವೈದ್ಯರು ನಂಬಿದ್ದರು. ಕಫ ಹೆಚ್ಚಾದವನು 'ಫ್ಲೆಗ್ಮ್ಯಾಟಿಕ್', ಅಂದರೆ ಯಾವುದಕ್ಕೂ ಅಲುಗಾಡದ ನಿಧಾನಸ್ಥ. ನಮ್ಮ ನಾಟಿ ವೈದ್ಯರಿಗೆ ಈ ಎರಡು ಪದಗಳನ್ನು ತಿಳಿಯಲು ನಿಘಂಟು ಬೇಕಾಗುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಪದ 'ಡಿಲ್ಯಾಪಿಡೇಟೆಡ್'. ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಒಬ್ಬ ಹುಡುಗನನ್ನು ಇದರ ಅರ್ಥ ಕೇಳಿದೆ. 'ಶಿಥಿಲವಾದ' ಎಂದು ಥಟ್ಟನೆ ಹೇಳಿದ. ಶಿಥಿಲ ಎಂದರೇನಪ್ಪಾ ಎಂದರೆ 'ಡಿಲ್ಯಾಪಿಡೇಟೆಡ್' ಎಂದ. ಗೈಡುಗಳು ಮಾಡುವ ಉಪಕಾರ ಇಂಥದು. ಅದೇ ತಿಂಗಳು ಮಕ್ಕಳನ್ನು ಆನೆಗೊಂದಿಗೆ ಕರೆದೊಯ್ದು, ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟಿಸಿ, ವಿಠ್ಠಲ ದೇವಾಲಯದ ಸಮೀಪದ ದಡದಲ್ಲಿ ಬುತ್ತಿ ಬಿಚ್ಚಿಸಿದೆವು. ನೀರಿನಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳನ್ನು ತೋರಿಸಿ ಅದೇ ಹುಡುಗ, ಇವು ಏನು ಎಂದು ಕೇಳಿದ. ವಿಜಯನಗರದ ಕಾಲದ ಸೇತುವೆ, ಮೇಲಿನ ಹಾಸು ಹೋಗಿ ಕಂಬಗಳು ಮಾತ್ರ ಉಳಿದಿವೆ ಎಂದೆ. ಲ್ಯಾಟಿನ್ನಿನಲ್ಲಿ 'ಲ್ಯಾಪಿಸ್' ಎಂದರೆ ಕಲ್ಲು. ಆಸ್ತಿಯನ್ನು ಕಲ್ಲು ಬೀರಿದಂತೆ ಚೆಲ್ಲಿ ಹಾಳುಮಾಡುವುದಕ್ಕೆ ರೋಮನ್ನರು ಬಳಸುತ್ತಿದ್ದ ಕ್ರಿಯಾಪದವೇ ಮುಂದೆ ಇಂಗ್ಲಿಷಿನಲ್ಲಿ ಕುಸಿಯುತ್ತಿರುವ ಕಟ್ಟಡಕ್ಕೆ ಅಂಟಿಕೊಂಡಿತು ಎಂದು ವಿವರಿಸಿದೆ. ಹುಡುಗ ಕಂಬಗಳನ್ನು ನೋಡಿದ, ಆಮೇಲೆ ಸುತ್ತಲಿನ ಬಂಡೆಗಲ್ಲಿನ ಗುಡ್ಡಗಳನ್ನು ನೋಡಿದ. "ಹಂಗಾದ್ರ ಈ ಗುಡ್ಡ ಯಾರು ಕೆಡವ್ಯಾರ್ರಿ, ಸರ್?" ಎಂದ. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಅದು ಬಹಳ ಒಳ್ಳೆಯ ಪ್ರಶ್ನೆ. ಗುಡ್ಡವನ್ನು ಯಾರೂ ಕಟ್ಟಲಿಲ್ಲ, ಗ್ರಾನೈಟು ಬಿಸಿಲು ಮಳೆಗೆ ಸವೆದು ಇದ್ದಲ್ಲಿಯೇ ಉಂಡೆಗಟ್ಟಿದೆ. ಮನುಷ್ಯ ಕಟ್ಟಿದ್ದು ನೋಡುವವರಿಲ್ಲದೆ ಕುಸಿದರೆ ಮಾತ್ರ ಈ ಪದ ಸಲ್ಲುತ್ತದೆ ಎಂದೆ. ಮರುದಿನ ಅವನು ತಾನಾಗಿಯೇ ಬರೆದು ತಂದ ವಾಕ್ಯ ನಮ್ಮ ಶಾಲೆಯ ಕಾಂಪೌಂಡಿನ ಬಗ್ಗೆ ಇತ್ತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಗೈಡಿನಿಂದ ಇದು ಆಗುತ್ತಿತ್ತೇ?

ಸ್ಟುಡಿಯೋದ ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ನಾಲ್ಕು ಪದಗಳನ್ನು ಬಿಟ್ಟು ಎರಡನ್ನು ಹೇಳುತ್ತೇನೆ. 'ಸೂಪರ್‌ಸಿಲಿಯಸ್' ಎಂದರೆ ಸೊಕ್ಕಿನವನು. ಒಳಗಿರುವ ಲ್ಯಾಟಿನ್ ಪದದ ಅರ್ಥ ಹುಬ್ಬು. ನಮ್ಮಲ್ಲಿ ಹುಬ್ಬೇರಿಸುವವನಿಗೆ ಅಚ್ಚರಿಯಾಗಿರುತ್ತದೆ, ರೋಮಿನಲ್ಲಿ ಅವನಿಗೆ ಅಹಂಕಾರ. ಅಷ್ಟೇ ವ್ಯತ್ಯಾಸ.

ಇನ್ನೊಂದು 'ಟ್ಯಾಂಟಲೈಸಿಂಗ್'. ಗ್ರೀಕ್ ಪುರಾಣದ ಟ್ಯಾಂಟಲಸ್ ಎಂಬ ರಾಜ ದೇವತೆಗಳಿಗೆ ಅಪರಾಧವೆಸಗಿ, ಪಾತಾಳದಲ್ಲಿ ಗದ್ದದವರೆಗೆ ನೀರಿನಲ್ಲಿ ನಿಲ್ಲುವ ಶಿಕ್ಷೆಗೆ ಗುರಿಯಾದ. ಕುಡಿಯಲು ಬಗ್ಗಿದರೆ ನೀರು ಇಳಿಯುತ್ತದೆ, ಹಣ್ಣಿಗೆ ಕೈ ಚಾಚಿದರೆ ಕೊಂಬೆ ಮೇಲೇರುತ್ತದೆ. ಕಣ್ಣಿಗೆ ಕಂಡು ಕೈಗೆ ಸಿಗದೆ ಕಾಡುವುದೆಲ್ಲ ಅವನ ಹೆಸರಿನದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ, ಮಾನ್ವಿಯ ಕಡೆ ಗದ್ದೆ ಇರುವವರು ಈಗ ಕೇಳುತ್ತಿದ್ದರೆ, ಅವರಿಗೆ ಈ ಪದವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯ ತುಂಬಿದ ಸುದ್ದಿಯನ್ನು ಅವರು ಇದೇ ರೇಡಿಯೋದಲ್ಲಿ ಕೇಳಿರುತ್ತಾರೆ. ನಮಸ್ಕಾರ.