ದೊಡ್ಡ ಗ್ರಾಫಿಕ್ಸ್ ಕಾರ್ಡ್ ತರುವ ಮೊದಲು ಹದಿನೈದು ನಿಮಿಷ ಅಳತೆ ನೋಡಿ

ನಿಮ್ಮ ಮಾನಿಟರ್ 1080ಪಿ ಆಗಿದ್ರೆ ಆರ್‌ಟಿಎಕ್ಸ್ 5090 ಎಂಬ ದೊಡ್ಡ ಗ್ರಾಫಿಕ್ಸ್ ಕಾರ್ಡ್ (ಪಿಸಿಯಲ್ಲಿ ಗೇಮಿನ ಚಿತ್ರ ತಯಾರಿಸುವ ಭಾಗ) ನಿಮಗೆ ಬೇಡ. ಸಾಲ ಮಾಡಿಯೋ, ಮನೆಯಲ್ಲಿ ಹಠ ಹಿಡಿದೋ ತರುವುದಂತೂ ಬೇಡವೇ ಬೇಡ ಮಾರಾಯ್ರೆ. ಯಾಕೆ ಅಂತ ಲೆಕ್ಕ ಹಾಕಿ ನೋಡುವ.

1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ (ಬಣ್ಣದ ಚುಕ್ಕಿ) ಉಂಟು. 4ಕೆ ಅಂದ್ರೆ ಸುಮಾರು 83 ಲಕ್ಷ, ಅದರ ನಾಲ್ಕು ಪಟ್ಟು. 2025ರ ಜನವರಿಯಲ್ಲಿ ಬಂದ 5090ಗೆ 32 ಜಿಬಿ ಮೆಮೊರಿ ಕೊಟ್ಟದ್ದೇ ಅಂಥ ದೊಡ್ಡ ಕೆಲಸಕ್ಕೆ. ಕಡಿಮೆ ಪಿಕ್ಸೆಲ್ ಇರುವ ಪರದೆಗೆ ಹಾಕಿದ್ರೆ ಅದು ತನ್ನ ಪಾಲಿನ ಕೆಲಸ ಮುಗಿಸಿ, ಪ್ರೊಸೆಸರ್ ಮುಂದಿನ ಫ್ರೇಮಿನ, ಅಂದ್ರೆ ಮುಂದಿನ ಚಿತ್ರದ ಕೆಲಸ ಕಳಿಸ್ಲಿ ಅಂತ ಕಾಯ್ತಾ ಕೂತಿರ್ತದೆ. 60 ಹರ್ಟ್ಸ್ ಮಾನಿಟರ್ ಆದ್ರೆ ಇನ್ನೂ ಬೇಸರ. 200 ಫ್ರೇಮ್ ತಯಾರಾದ್ರೂ ನಿಮ್ಮ ಕಣ್ಣಿಗೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಾಗುವುದು.

ಹಾಗಾದ್ರೆ ನಿಮ್ಮ ಪಿಸಿ ಎಲ್ಲಿ ಸೋಲ್ತಾ ಉಂಟು? ಇದನ್ನು ಊಹೆ ಮಾಡ್ಬೇಡಿ, ಅಳೆಯಿರಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಅಳತೆಯ ಸಾಫ್ಟ್‌ವೇರ್ ಹಾಕಿ, ಅದರ ಜೊತೆ ಬರುವ ರಿವಾಟ್ಯೂನರ್ ಕೂಡ. ಮಾನಿಟರಿಂಗ್ ಪಟ್ಟಿಯಲ್ಲಿ ಜಿಪಿಯು (ಕಾರ್ಡಿನ ಚಿಪ್) ಬಳಕೆ, ವಿಡಿಯೊ ಮೆಮೊರಿ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್), ಮತ್ತೆ ಪ್ರೊಸೆಸರ್‌ನ ಒಂದೊಂದು ಕೋರ್ ಬೇರೆ ಬೇರೆಯಾಗಿ ಪರದೆ ಮೇಲೆ ಕಾಣುವ ಹಾಗೆ ಮಾಡಿ. ವಿ-ಸಿಂಕ್ (ಮಾನಿಟರ್ ವೇಗಕ್ಕೆ ಫ್ರೇಮನ್ನು ಕಟ್ಟಿಹಾಕುವ ಸೆಟ್ಟಿಂಗ್), ಫ್ರೇಮ್ ಮಿತಿ ಎರಡನ್ನೂ ಆಫ್ ಮಾಡ್ಲಿಕ್ಕೆ ಮರೀಬೇಡಿ, ಇಲ್ಲದಿದ್ರೆ ಅಳತೆಯೇ ಸುಳ್ಳು. ಗೇಮಿನ ಭಾರದ ಜಾಗದಲ್ಲಿ ಹದಿನೈದು ನಿಮಿಷ ಆಡಿ.

ಜಿಪಿಯು 97, 99 ಶೇಕಡಾ ಅಂತ ತೋರಿಸಿದ್ರೆ ವೇಗ ನಿಂತದ್ದು ಕಾರ್ಡಿನಲ್ಲೇ. 60, 70ರಲ್ಲೇ ನಿಂತು ಫ್ರೇಮ್ ಏರದಿದ್ರೆ ತೊಂದರೆ ಹೆಚ್ಚಾಗಿ ಪ್ರೊಸೆಸರ್‌ನದ್ದು ಅಥವಾ ರ‍್ಯಾಮ್‌ನದ್ದು. ಖಾತ್ರಿ ಬೇಕಾದ್ರೆ ರೆಸಲ್ಯೂಶನ್ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಆಡಿ. ಫ್ರೇಮ್ ಅಷ್ಟೇ ಉಳಿದ್ರೆ ಯಾವ ಹೊಸ ಕಾರ್ಡ್ ತಂದ್ರೂ ಅಷ್ಟೇ. ಪ್ರೊಸೆಸರ್ ಒಟ್ಟು ಬಳಕೆ 30 ಶೇಕಡಾ ಅಂತ ಕಂಡು ಮೋಸ ಹೋಗ್ಬೇಡಿ. ಹನ್ನೆರಡು ಥ್ರೆಡ್‌ನಲ್ಲಿ (ಪ್ರೊಸೆಸರ್ ಒಟ್ಟಿಗೆ ನಡೆಸುವ ಕೆಲಸದ ಸಾಲು) ಒಂದೇ ತುಂಬಿ ಉಳಿದವಕ್ಕೆ ಕೆಲಸ ಕಡಿಮೆ ಇದ್ರೂ ಗೇಮ್ ಅಲ್ಲೇ ಸಿಕ್ಕಿಹಾಕಿಕೊಳ್ತದೆ.

ಖರ್ಚಿಲ್ಲದೆ ಸರಿ ಆಗುವಂಥದ್ದೂ ಉಂಟು. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಅಲ್ಲ, ಕಾರ್ಡಿಗೇ ಸಿಕ್ಕಿಸಿದ್ದಾ ನೋಡಿ. 144 ಹರ್ಟ್ಸ್ ಮಾನಿಟರ್ ತಂದು ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 60ರಲ್ಲೇ ಬಿಟ್ಟವರು ಇದ್ದಾರೆ. ಒಂದೇ 16 ಜಿಬಿ ರ‍್ಯಾಮ್ ಬದಲು ಎರಡು 8 ಜಿಬಿ ಹಾಕಿ, ನಾಲ್ಕು ಸ್ಲಾಟ್ ಇದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದ್ದು, ನಾಲ್ಕನೆಯದ್ದು. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ರೆ 3200ರ ರ‍್ಯಾಮ್ 2133 ಅಥವಾ 2400ರಲ್ಲಿ ಓಡ್ತಾ ಇರಬಹುದು. ಕಾರ್ಡೇ ಸುಸ್ತಾಗಿದ್ರೆ ಮೊದಲು ರೇ ಟ್ರೇಸಿಂಗ್ (ಬೆಳಕಿನ ಕಿರಣದ ಲೆಕ್ಕ), ನೆರಳು, ಮಂಜಿನ ಸೆಟ್ಟಿಂಗ್ ಇಳಿಸಿ. ಟೆಕ್ಸ್ಚರ್‌ಗೆ (ವಸ್ತುಗಳ ಮೇಲ್ಮೈಯ ಚಿತ್ರಕ್ಕೆ) ಬೇಕಾದದ್ದು ವೇಗಕ್ಕಿಂತ ಮೆಮೊರಿ. 8 ಜಿಬಿ ತುಂಬಿ ಗೇಮ್ ಜರ್ಕ್ ಹೊಡೆದ್ರೆ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ ಸಾಕು.

ಇನ್ನು ನಮ್ಮ ಕರಾವಳಿಯ ಮಾತು. 5090 ಪೂರ್ತಿ ಓಡಿದ್ರೆ 575 ವ್ಯಾಟ್, ಸಣ್ಣ ಕಾರ್ಡ್ ಆರ್‌ಟಿಎಕ್ಸ್ 4060 ಆದ್ರೆ 115. ದಿನಕ್ಕೆ ನಾಲ್ಕು ಗಂಟೆ ಅಂದ್ರೆ ತಿಂಗಳಿಗೆ 5090 ಒಂದಕ್ಕೇ 69 ಯೂನಿಟ್, 4060ಗೆ 14ರ ಹತ್ರ. ಆ ಅಷ್ಟೂ ಕರೆಂಟ್ ಕೊನೆಗೆ ಕೋಣೆಯಲ್ಲಿ ಬಿಸಿಯಾಗಿ ಉಳಿಯುವುದು. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಕಿಟಕಿ ಮುಚ್ಚಿದ ಕೋಣೆಗೆ ಇದು ಹೀಟರ್ ಇಟ್ಟ ಹಾಗೆ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್, ಕರೆಂಟ್ ಹೋದ ಕೂಡ್ಲೇ ದೊಡ್ಡ ಕಾರ್ಡಿನ ಪಿಸಿ ಧೊಪ್ಪಂತ ಆಫ್. ದೊಡ್ಡ ಕಾರ್ಡಿನ ಹಣದಲ್ಲಿ ಒಳ್ಳೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ), ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ) ಯುಪಿಎಸ್, ಸರಿಯಾದ ಅರ್ಥಿಂಗ್ ಮಾಡಿಸಿ. ಮಳೆಗಾಲದ ಮೊದಲಿನ ಸಿಡಿಲಿಗೆ ಪ್ಲಗ್ಗನ್ನೇ ಕಿತ್ತಿಡಿ, ಇಂಟರ್‌ನೆಟ್ ಕೇಬಲನ್ನೂ.

4ಕೆ 120 ಹರ್ಟ್ಸ್ ಪರದೆ ಇದ್ದವರಿಗೆ, 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ದುಡಿಯುವವರಿಗೆ ದೊಡ್ಡ ಕಾರ್ಡ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಉಳಿದವರು ಹಳೇ ಕಾರ್ಡನ್ನು ಒಮ್ಮೆ ಹೊರಗೆ ತೆಗೆಯಿರಿ. ಮಲ್ಪೆ, ಪಣಂಬೂರಿನ ಹಾಗೆ ಕಡಲ ಹತ್ರದ ಮನೆಗಳಲ್ಲಿ ಉಪ್ಪುಗಾಳಿಗೆ ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಗೆರೆಗಳು ಮಂಕಾಗಬಹುದು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಮೆಲ್ಲಗೆ ಒರೆಸಿ. ಧೂಳು ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಿಡಿ. ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ಸಾಗಿಸುವ ಪೇಸ್ಟ್ ಒಣಗಿದ್ರೆ ಬದಲಿಸಿ. ಮತ್ತೆ ಅದೇ ಜಾಗ, ಅದೇ ಸೆಟ್ಟಿಂಗ್‌ನಲ್ಲಿ ಆಡಿ ನೋಡಿ. ಆಗಲೂ ಜಿಪಿಯು 99 ಇದ್ದು 60 ಫ್ರೇಮ್ ಮುಟ್ಟದಿದ್ರೆ, ಆರ್‌ಟಿಎಕ್ಸ್ 5060 ಟಿಐ ಅಥವಾ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಕಾರ್ಡಿನ ಬೆಲೆ ವಿಚಾರಿಸಿ.