ಕೆಲಸ ತೆಗೆದುಕೊಳ್ಳಿ, ಕೂಸನ್ನಲ್ಲ

ಕೇಳುಗರಿಗೆ ನಮಸ್ಕಾರ. ಹಾಲುಣಿಸುವ ತಾಯಂದಿರ ಬಗ್ಗೆ ಮಾತನಾಡಿ ಎಂದು ನಿಲಯದವರು ಕರೆದಿದ್ದಾರೆ. ತಾಯಂದಿರಿಗೆ ಬುದ್ಧಿ ಹೇಳುವವರು ಮನೆ ತುಂಬ ಇದ್ದಾರೆ. ನಾನು ಉಳಿದವರಿಗೆ ಹೇಳುತ್ತೇನೆ. ಅತ್ತೆಯವರೇ, ತವರಿನ ತಾಯಿಯವರೇ, ಗಂಡಂದಿರೇ, ನೆರೆಮನೆಯವರೇ, ಸ್ವಲ್ಪ ರೇಡಿಯೊ ಹತ್ತಿರ ಬನ್ನಿ.

ಬಾಣಂತಿಯ ಕೈಯಿಂದ ಕೆಲಸ ತೆಗೆದುಕೊಳ್ಳಿ, ಕೂಸನ್ನು ತೆಗೆದುಕೊಳ್ಳಬೇಡಿ. ಇಷ್ಟೇ ನನ್ನ ಮಾತು.

ಎದೆಹಾಲಿನ ಲೆಕ್ಕ ಸರಳ. ಕೂಸು ಚೀಪಿದಷ್ಟೂ ಹಾಲು ಹುಟ್ಟುತ್ತದೆ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ, ನಡುರಾತ್ರಿಯಲ್ಲೂ. ನಡುವೆ ಬಾಟಲಿ ಬಂತೋ, ಚೀಪುವುದು ತಪ್ಪಿತು, ಹಾಲೂ ಕಡಿಮೆಯಾಯಿತು. ತಾಯಿ ಮನಸ್ಸಿಗೆ ಹಚ್ಚಿಕೊಂಡು ಕುಳಿತರೆ ಇದ್ದ ಹಾಲೂ ಸರಾಗವಾಗಿ ಇಳಿಯುವುದಿಲ್ಲ.

ಗದಗ–ಬೆಟಗೇರಿಯ ಒಂದು ನೇಕಾರರ ಮನೆ. ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ಕರೆದಿದ್ದರು. ಕೂಸು ಗಟ್ಟಿಯಾಗಿತ್ತು, ತೂಕ ಏರುತ್ತಿತ್ತು. ಆದರೆ ಕುಂಚಿಗೆ ತಂದ ಹೆಂಗಸೊಬ್ಬರು, 'ಕೂಸು ಬಡವಾಗಿದೆಯಲ್ಲ, ಹಾಲು ಸಾಲುತ್ತಿಲ್ಲವೇನು?' ಎಂದರು. ಹಿಂದೆ ಬಂದವರು ಅದನ್ನೇ ಎಂದರು. ಅವರ ಹಿಂದೆ ಬಂದವರೂ ಅದನ್ನೇ! ದೀಪ ಹಚ್ಚುವ ಹೊತ್ತಿಗೆ ಬಾಣಂತಿಯೂ ಅಳುತ್ತಿದ್ದಳು, ಕೂಸೂ ಅಳುತ್ತಿತ್ತು. ಯಾರೋ ಓಡಿ ಹೋಗಿ ಪುಡಿ ಹಾಲಿನ ಡಬ್ಬಿ ತಂದರು. ಅಜ್ಜ ಎಲ್ಲವನ್ನೂ ನೋಡಿದರು. ಮರುದಿನ ಬೆಳಿಗ್ಗೆ ಕುರ್ಚಿ ಎಳೆದು ಒಳಕೋಣೆಯ ಬಾಗಿಲಿಗೆ ಅಡ್ಡ ಹಾಕಿ ಕುಳಿತರು. ಯಾರು ಬಂದರೂ ಒಂದೇ ಉತ್ತರ: 'ಒಳಗೆ ಕೂಸಿನ ಊಟ ನಡೆದಿದೆ. ಚಹಾ ಕುಡಿಯಿರಿ, ಮಳೆ ಬೆಳೆ ಮಾತಾಡಿ, ಹೋಗಿ ಬನ್ನಿ.' ಬೀಗರು ಮುಖ ಊದಿಸಿಕೊಂಡರು. ಅಜ್ಜ ಕದಲಲಿಲ್ಲ. ಆ ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ.

ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಹಾಲು ಸಾಲುತ್ತಿದೆಯೇ ಎಂದು ಬಾಣಂತಿಯನ್ನು ಕೇಳಬೇಡಿ, ಬಟ್ಟೆ ಎಣಿಸಿ. ಐದು ದಿನ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಎಣಿಸುವ ಕೆಲಸ ಗಂಡನದು, ಒಗೆಯುವುದೂ ಅವನದೇ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಆರು ತಿಂಗಳು ಸಕ್ಕರೆ ನೀರು, ಬೇರು ತೇಯ್ದ ಗುಟ್ಟಿ ಯಾವುದೂ ಬೇಡ, ಜೇನಂತೂ ವರ್ಷ ತುಂಬುವವರೆಗೂ ಬೇಡ. ಬಾಣಂತಿಗೆ ಅಳ್ವಿ ಪಾಯಸ, ಅಂಟಿನುಂಡೆ ಧಾರಾಳವಾಗಿ ಕೊಡಿ, ಆದರೆ ನೀರು ಕುಡಿಯಬೇಡ ಎಂದು ಕಟ್ಟು ಹಾಕಬೇಡಿ. ಅದ್ಯಾವ ಶಾಸ್ತ್ರವೋ ನನಗಂತೂ ತಿಳಿಯದು! ಕೆಲಸ ತೆಗೆದುಕೊಳ್ಳಿ, ಕೂಸನ್ನಲ್ಲ.

ಮೊಲೆತೊಟ್ಟು ಒಡೆದು ನೋವಾದರೆ ಸಹಿಸಿಕೋ ಎನ್ನಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಬರುತ್ತಾರೆ. ಅವರನ್ನು ಪಡಸಾಲೆಯಲ್ಲೇ ಕೂರಿಸಿ ಕಳುಹಿಸಬೇಡಿ. ಬಾಣಂತಿಯ ಬಳಿ ಬಿಡಿ, ಕೂಸು ಎದೆ ಹಿಡಿಯುವ ರೀತಿಯನ್ನು ನೋಡಲಿ. ನೀವು ಅಷ್ಟರಲ್ಲಿ ನಾಲ್ಕು ರೊಟ್ಟಿ ಬಡಿಯಿರಿ. ನಮಸ್ಕಾರ.